ನ್ಯಾಯಮೂರ್ತಿ ಲರ್ನೆಡ್ ಹ್ಯಾಂಡ್ ಮತ್ತು ವಾಕ್ಸ್ವಾತಂತ್ರ್ಯದ ಒರೆಗಲ್ಲು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕೇಂದ್ರ ನ್ಯಾಯವ್ಯವಸ್ಥೆಯಲ್ಲಿ ಮೇಲ್ಮನವಿ ನ್ಯಾಯಾಲಯಗಳದು ನಡುವಣ ಸ್ಥಾನ. ಕೆಳಗೆ ಜಿಲ್ಲಾ ನ್ಯಾಯಾಲಯಗಳು, ಮೇಲೆ ಸರ್ವೋಚ್ಚ ನ್ಯಾಯಾಲಯ. ಮೇಲಿನ ಪೀಠದ ನಿರ್ಣಯಗಳಿಗೆ ಬದ್ಧನಾದ ನ್ಯಾಯಾಧೀಶನ ಸ್ವಂತ ವಿಚಾರಕ್ಕೆ ನ್ಯಾಯಶಾಸ್ತ್ರದಲ್ಲಿ ಎಷ್ಟು ಎಡೆಯುಂಟು? ಲರ್ನೆಡ್ ಹ್ಯಾಂಡರ ವೃತ್ತಿಜೀವನದ ಮೂಲಕ ಈ ಪ್ರಶ್ನೆಯನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1872ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿಯಲ್ಲಿ ಜನಿಸಿ ಹಾರ್ವರ್ಡಿನಲ್ಲಿ ನ್ಯಾಯಶಾಸ್ತ್ರವನ್ನು ವ್ಯಾಸಂಗಮಾಡಿದ ಹ್ಯಾಂಡರು 1909ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು. 1924ರಲ್ಲಿ ಎರಡನೆಯ ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ ಏರಿದರು. 1961ರಲ್ಲಿ ನಿಧನರಾಗುವವರೆಗೂ ಸರ್ವೋಚ್ಚ ನ್ಯಾಯಾಲಯದ ಪೀಠ ಅವರಿಗೆ ದೊರೆಯಲೇ ಇಲ್ಲ.

ಮೊದಲನೆಯ ಮಹಾಯುದ್ಧಕಾಲದಲ್ಲಿ, 1917ರಲ್ಲಿ, 'ದಿ ಮ್ಯಾಸಸ್' ಎಂಬ ಪತ್ರಿಕೆಯ ಸಂಚಿಕೆಯೊಂದನ್ನು ಅಂಚೆಯಲ್ಲಿ ಸಾಗಿಸಲು ಅಧಿಕಾರಿಗಳು ನಿರಾಕರಿಸಿದರು. ಅದರ ಬರಹಗಳೂ ವ್ಯಂಗ್ಯಚಿತ್ರಗಳೂ ಯುದ್ಧವಿರೋಧಿಯಾಗಿದ್ದುವು. ಜಿಲ್ಲಾ ನ್ಯಾಯಾಧೀಶರಾಗಿದ್ದ ಹ್ಯಾಂಡರು ಪತ್ರಿಕೆಯ ಪರವಾಗಿ ತೀರ್ಪಿತ್ತರು. ಮಾತಿನಿಂದ ಮುಂದೆ ಏನಾದೀತೆಂದು ಊಹಿಸುವುದಲ್ಲ, ಕಾನೂನನ್ನು ಮುರಿಯಿರೆಂದು ಆ ಮಾತೇ ನೇರವಾಗಿ ಪ್ರಚೋದಿಸುವುದೇ ಎಂದು ನೋಡಬೇಕು ಎಂಬುದು ಅವರ ನಿಲುವು. ಊಹೆಯು ಕಾಲದ ಉದ್ವೇಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಮಾತಾದರೋ ಓದುವವರೆಲ್ಲರ ಕಣ್ಣೆದುರಿಗಿರುತ್ತದೆ. ಅದೇ ವರ್ಷ ಮೇಲ್ಮನವಿ ನ್ಯಾಯಾಲಯವು ಈ ತೀರ್ಪನ್ನು ರದ್ದುಗೊಳಿಸಿತು. 1919ರಲ್ಲಿ ಸರ್ವೋಚ್ಚ ನ್ಯಾಯಾಲಯವು 'ಸ್ಪಷ್ಟವೂ ಸನ್ನಿಹಿತವೂ ಆದ ಅಪಾಯ' ಎಂಬ ಬೇರೆ ಸೂತ್ರವನ್ನು ಹಿಡಿಯಿತು.

1950ರಲ್ಲಿ ಕಮ್ಯೂನಿಸ್ಟ್ ಪಕ್ಷದ 11 ಮಂದಿ ನಾಯಕರ ಮೇಲ್ಮನವಿ ಹ್ಯಾಂಡರ ಮುಂದೆಯೇ ಬಂದಿತು. ಆಗ ಅವರು ತಮ್ಮ ಹಳೆಯ ಒರೆಗಲ್ಲನ್ನು ಬಳಸಲಿಲ್ಲ. ಮೇಲಿನ ನ್ಯಾಯಾಲಯದ ಸೂತ್ರವನ್ನೇ ಅರ್ಥೈಸುತ್ತ, ಕೇಡಿನ ತೀವ್ರತೆಯನ್ನು ಅದು ಸಂಭವಿಸದಿರುವ ಸಾಧ್ಯತೆಯೊಡನೆ ತೂಗಿನೋಡಬೇಕೆಂದರು, ಶಿಕ್ಷೆಯನ್ನು ಎತ್ತಿಹಿಡಿದರು. ಕೇಡು ಬಹು ದೊಡ್ಡದಾದರೆ ದೂರದ ಸಾಧ್ಯತೆಯೂ ಮಾತನ್ನು ಅಡಗಿಸಲು ಸಾಕಾಗುವುದೆಂಬುದೇ ಈ ತಕ್ಕಡಿಯ ದೋಷ. 1951ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಶಿಕ್ಷೆಯನ್ನು ಸ್ಥಿರಪಡಿಸಿತು.

ಆದರೆ 1969ರ ಬ್ರಾಂಡೆನ್‌ಬರ್ಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಕಾನೂನುಬಾಹಿರ ಕೃತ್ಯವನ್ನು ಒಡನೆಯೇ ನಡೆಸಲು ಪ್ರಚೋದಿಸುವ ಉದ್ದೇಶವೂ ಅದು ನಡೆಯುವ ಸಂಭವವೂ ಇದ್ದ ಹೊರತು ಪ್ರತಿಪಾದನೆಯನ್ನು ದಂಡಿಸಲಾಗದೆಂದು ಸಾರಿತು. 1917ರ ಪ್ರಚೋದನೆಯ ತತ್ತ್ವವು ಹೀಗೆ ಮರಳಿಬಂದಾಗ ಹ್ಯಾಂಡರು ತೀರಿಕೊಂಡು ಎಂಟು ವರ್ಷಗಳಾಗಿದ್ದುವು.

ರದ್ದಾದ ತೀರ್ಪು ಅಧಿಕಾರವನ್ನು ಕಳೆದುಕೊಳ್ಳುತ್ತದೆ. ಅದರೊಳಗಿನ ವಿಚಾರವು ಸಾಯಬೇಕೆಂದಿಲ್ಲ. ಆದಕಾರಣ ವಿದ್ಯಾರ್ಥಿಗಳು ಗೆದ್ದ ತೀರ್ಪುಗಳೊಡನೆ ಸೋತವುಗಳನ್ನೂ ಅಭ್ಯಸಿಸಬೇಕೆಂದು ನಾವು ಭಾವಿಸುತ್ತೇವೆ.