ಲಕ್ಸೆಂಬರ್ಗಿಗೆ ಹೊರಟಿದ್ದೀರಾ? ವೀಸಾ ಚೀಟಿಯನ್ನು ಒಮ್ಮೆ ಸರಿಯಾಗಿ ಓದಿ



ಯೂರೋಪ್ ಪ್ರವಾಸವೆಂದರೆ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎನ್ನುವವರೇ ಹೆಚ್ಚು. ಫ್ರಾನ್ಸ್, ಜರ್ಮನಿ, ಬೆಲ್ಜಿಯಂಗಳ ನಡುವೆ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶವಿದೆ. ವಿಸ್ತೀರ್ಣ 2,586 ಚದರ ಕಿಲೋಮೀಟರ್, ನಮ್ಮ ಕೊಡಗಿಗಿಂತಲೂ ಚಿಕ್ಕದು. ದೇಶದೊಳಗಿನ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆಗೆ 2020ರಿಂದ ಟಿಕೆಟ್ಟೇ ಇಲ್ಲ!

ಇಲ್ಲಿನ ಮೊಸೆಲ್ ನದಿ ದಡದ ಒಂದು ಹಳ್ಳಿಯ ಹೆಸರು ಶೆಂಗೆನ್. 1985ರ ಜೂನ್ 14ರಂದು ಐದು ದೇಶಗಳು ಅಲ್ಲಿ ಹಡಗಿನ ಮೇಲೆ ಒಪ್ಪಂದಕ್ಕೆ ಸಹಿ ಹಾಕಿದವು. ಇಂದು ಆ ಗುಂಪಿನಲ್ಲಿ 29 ದೇಶಗಳಿವೆ. ಎಲ್ಲಕ್ಕೂ ಒಂದೇ ವೀಸಾ.

ಹಾಗಾದರೆ ಅರ್ಜಿ ಯಾರಿಗೆ ಹಾಕಬೇಕು? ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶಕ್ಕೆ. ಪ್ಯಾರಿಸ್‌ನಲ್ಲಿ ನಾಲ್ಕು ದಿನ, ಲಕ್ಸೆಂಬರ್ಗ್‌ನಲ್ಲಿ ಎರಡು ದಿನವಾದರೆ ಫ್ರಾನ್ಸಿಗೆ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಬೇಗ ಸಿಗುತ್ತದೆಂದು ಬೇರೆ ದೇಶಕ್ಕೆ ಅರ್ಜಿ ಹಾಕಲು ಹೋಗಬೇಡಿ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ನೀವು ವಾಪಸು ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಬಾಳಬೇಕು. ಎರಡು ಖಾಲಿ ಪುಟ ಇರಬೇಕು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಬ್ಯಾಂಕ್ ಲೆಕ್ಕ, ಕಚೇರಿಯ ರಜೆ ಪತ್ರ, ಹೋಟೆಲ್ ಬುಕಿಂಗ್ ಸಿದ್ಧವಿರಲಿ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಆರರ ಕೆಳಗಿನವರಿಗೆ ಇಲ್ಲ. ವೀಸಾ ಸಿಗದಿದ್ದರೂ ಈ ಹಣ ಹಿಂದಿರುಗುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು. ಕಡೇ ಪಕ್ಷ 15 ದಿನ ಮೊದಲಾದರೂ ಹಾಕಲೇಬೇಕು. ಬೇಸಿಗೆ ರಜೆಯಲ್ಲಿ ನೂಕುನುಗ್ಗಲು ಜಾಸ್ತಿ, ಕೊನೆಯ ದಿನದವರೆಗೆ ಕಾಯಬೇಡಿ.

ವೀಸಾ ಕೈಗೆ ಬಂತು ಅನ್ನಿ. ಖುಷಿಯಲ್ಲಿ ಪಾಸ್‌ಪೋರ್ಟ್ ಮುಚ್ಚಿಡಬೇಡಿ! ಚೀಟಿಯಲ್ಲಿ ಎಷ್ಟು ಸಲ ಪ್ರವೇಶ ಎಂದು ನಮೂದಾಗಿರುತ್ತದೆ. ಅಲ್ಲಿ ಒಂದು ಎಂದಿದ್ದರೆ ಒಂದೇ ಸಲ. ಲಂಡನ್‌ನಲ್ಲಿ ಥೇಮ್ಸ್ ದಡದ ಬಸವಣ್ಣನವರ ಪ್ರತಿಮೆ ನೋಡುವ ಆಸೆ ನಮ್ಮವರಿಗೆ ಸಹಜ. ಆದರೆ ಬ್ರಿಟನ್ ಈ ಗುಂಪಿನಲ್ಲಿಲ್ಲ, ಅದಕ್ಕೆ ಬೇರೆಯೇ ವೀಸಾ. ಲಕ್ಸೆಂಬರ್ಗ್ ನೋಡಿ, ಲಂಡನ್ನಿಗೆ ಹೋಗಿ, ಊರಿಗೆ ಮರಳುವ ವಿಮಾನ ಹಿಡಿಯಲು ಪ್ಯಾರಿಸ್‌ಗೆ ಹಿಂದಿರುಗುವ ಯೋಜನೆಯಿದ್ದರೆ ಅದು ಎರಡನೇ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದವರು ಅಪ್ಪ, ಅಮ್ಮ, ಮಕ್ಕಳ ಸಮೇತ ಲಂಡನ್ನಿನಲ್ಲೇ ಉಳಿದುಕೊಂಡು ದುಬಾರಿ ಟಿಕೆಟ್ ಹುಡುಕಬೇಕಾದೀತು. ಆದ್ದರಿಂದ ಅರ್ಜಿಯಲ್ಲೇ ಹಲವು ಪ್ರವೇಶ ಕೇಳಿ, ಕಾರಣವನ್ನೂ ತಿಳಿಸಿ. ಇಲ್ಲವೇ ಲಂಡನ್ನನ್ನು ಪ್ರವಾಸದ ಮೊದಲಿಗೋ ಕೊನೆಗೋ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಚೀಟಿಯ ಮೇಲಿನ ತಾರೀಖುಗಳು ಬೇರೆ, ಇರಬಹುದಾದ ದಿನಗಳ ಸಂಖ್ಯೆ ಬೇರೆ. ತಾರೀಖು ತಿಂಗಳುದ್ದ ಇದ್ದು ದಿನ 15 ಎಂದಿದ್ದರೆ ಇರಬಹುದಾದದ್ದು 15 ದಿನ ಮಾತ್ರ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. 2025ರ ಅಕ್ಟೋಬರ್ 12ರಿಂದ ಗಡಿಗಳಲ್ಲಿ ಬೆರಳಚ್ಚು, ಭಾವಚಿತ್ರ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಒಂದು ದಿನ ಹೆಚ್ಚಾದರೂ ಕಂಪ್ಯೂಟರಿಗೆ ಗೊತ್ತಾಗುತ್ತದೆ.

ವೀಸಾ ಇದ್ದರೂ ಗಡಿಯ ಅಧಿಕಾರಿ ಕಾಗದಪತ್ರ ಕೇಳಬಹುದು. ಅವನ್ನು ಸೂಟ್‌ಕೇಸಿನಲ್ಲಿ ಹಾಕಿ ಕಳಿಸಬೇಡಿ, ಕೈಚೀಲದಲ್ಲೇ ಇರಲಿ.

ಶುಭ ಪ್ರಯಾಣ!