ಹುಲಿಯ ಗವಿಯ ನಾಡಿನಲ್ಲಿ

ಪಶ್ಚಿಮ ಬಂಗಾಳದ ಜೈಗಾಂವ್ ಎಂಬ ಗಡಿಪಟ್ಟಣದ ಗದ್ದಲದ ಬೀದಿಯ ಕೊನೆಗೆ ಬಣ್ಣಬಣ್ಣದ ಚಿತ್ತಾರದ ಒಂದು ಮಹಾದ್ವಾರವಿದೆ. ಅದರ ಈಚೆಗೆ ಲಾರಿಗಳ ಹಾರನ್ನು, ತಳ್ಳುಗಾಡಿಗಳ ನೂಕುನುಗ್ಗಲು. ಆಚೆಗೆ ಕಾಲಿಟ್ಟರೆ ಭೂತಾನ ದೇಶದ ಫುಂಟ್‌ಶೋಲಿಂಗ್; ಅಲ್ಲಿ ವಾಹನಗಳು ಪಾದಚಾರಿಯನ್ನು ಕಂಡು ತಾವೇ ನಿಲ್ಲುತ್ತವೆ. ಕೈಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು. 2023ರ ನವೆಂಬರ್ ತಿಂಗಳಿನಲ್ಲಿ ನಾವು ಒಂಬತ್ತು ಮಂದಿ ಈ ದ್ವಾರವನ್ನು ದಾಟಿದೆವು. ನಾಲ್ವರು ತಾಯಂದಿರು, ಇಬ್ಬರು ನಿವೃತ್ತ ಉಪಾಧ್ಯಾಯರು, ಒಬ್ಬ ಅಡಿಕೆ ವರ್ತಕರು, ಅವರ ಮಗ, ಮತ್ತು ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಾದ ನಾವು.

ಹೋಗಬಯಸುವ ಬಂಧುಗಳಿಗೆ ಒಂದೆರಡು ಮಾತು ಮೊದಲೇ ಹೇಳಿಬಿಡುವುದು ಲೇಸು. ಭಾರತೀಯರಿಗೆ ಅಲ್ಲಿಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಇಲ್ಲವೆ ಮತದಾರರ ಗುರುತಿನ ಚೀಟಿ ಇದ್ದರೆ ಪ್ರವೇಶಪತ್ರ ದೊರೆಯುತ್ತದೆ. ಆಧಾರ್ ಚೀಟಿಯೊಂದನ್ನೇ ನಂಬಿ ಹೊರಡಬಾರದು. ನಮ್ಮ ರೂಪಾಯಿಯೂ ಅವರ ಗುಲ್ಟ್ರಮ್ ನಾಣ್ಯವೂ ಸರಿಸಮ. ಆದರೆ ತಂಗುವ ರಾತ್ರಿಯೊಂದಕ್ಕೆ ತಲೆಗೆ 1,200 ರೂಪಾಯಿ ಶುಲ್ಕವನ್ನು ಸರಕಾರಕ್ಕೆ ಕಟ್ಟಬೇಕು. ಇತರ ವಿದೇಶೀಯರಿಗಾದರೋ ಅದು ನೂರು ಡಾಲರು. ವರ್ತಕರು ಇದಕ್ಕಾಗಿ ಥಿಂಫು ತಲಪುವವರೆಗೂ ಗೊಣಗಿದರು. ನಮ್ಮ ಮನಸ್ಸಿನಲ್ಲಿಯೂ ಅದೇ ಗೊಣಗಾಟವಿತ್ತೆಂದು ಒಪ್ಪಿಕೊಳ್ಳುತ್ತೇವೆ; ಬಾಯಿಬಿಟ್ಟು ಆಡಲಿಲ್ಲ, ಅಷ್ಟೆ.

ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಫುವಿಗೆ ಸುಮಾರು ನೂರೈವತ್ತು ಕಿಲೋಮೀಟರು; ಬೆಟ್ಟವನ್ನು ಬಳಸಿ ಬಳಸಿ ಏರುವ ಹಾದಿ. 1958ರಲ್ಲಿ ಪ್ರಧಾನಿ ನೆಹರೂರವರು ಈ ದೇಶಕ್ಕೆ ಭೇಟಿ ಕೊಟ್ಟಾಗ ಇಂಥದೊಂದು ರಸ್ತೆಯೇ ಇರಲಿಲ್ಲ. ಅವರು ಸಿಕ್ಕಿಂ ಕಡೆಯಿಂದ ನಾಥೂ ಲಾ ಕಣಿವೆ ದಾಟಿ, ಟಿಬೆಟ್ಟಿನ ಚುಂಬಿ ಪ್ರದೇಶದ ಮೂಲಕ ಕುದುರೆಯೇರಿ ಬರಬೇಕಾಯಿತು. 1961ರಿಂದೀಚೆಗೆ ನಮ್ಮ ಗಡಿ ರಸ್ತೆಗಳ ಸಂಸ್ಥೆಯವರು, ದಂತಕ್ ಎಂಬ ಯೋಜನೆಯಡಿ, ಈ ಹಾದಿಗಳನ್ನು ಕಡಿದರು. ದಾರಿಯ ಬದಿಯ ಹಳದಿ ಫಲಕಗಳಲ್ಲಿ ಆ ಹೆಸರನ್ನು ಓದಿದಾಗ ನಮ್ಮ ಉಪಾಧ್ಯಾಯರಿಬ್ಬರಿಗೂ ಎದೆಯುಬ್ಬಿತು.

ಥಿಂಫು ಸಮುದ್ರಮಟ್ಟದಿಂದ ಸುಮಾರು 2,300 ಮೀಟರು ಎತ್ತರದಲ್ಲಿದೆ. ಸಂಚಾರಕ್ಕೆ ದೀಪಸಂಕೇತಗಳಿಲ್ಲದ ರಾಜಧಾನಿಯಿದು. ಚಿತ್ತಾರದ ಮಂಟಪದಲ್ಲಿ ನಿಂತ ಪೊಲೀಸಿನವನು ಬಿಳಿಯ ಕೈಚೀಲ ತೊಟ್ಟು, ನರ್ತಕನಂತೆ ಕೈಯಾಡಿಸಿ ವಾಹನಗಳನ್ನು ನಡೆಸುತ್ತಾನೆ. ಬೆಟ್ಟದ ಮೇಲಿನ 51 ಮೀಟರಿಗೂ ಮಿಗಿಲಾದ ಬುದ್ಧಮೂರ್ತಿಯನ್ನು ಕಂಡೆವು. ಅದು ಹೊಸದು, ಬಲು ದೊಡ್ಡದು. ನಮ್ಮ ಮನಸ್ಸು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಿಂತದ್ದು ಮಾರನೆಯ ದಿನ, 1971ರಲ್ಲಿ ಸ್ಥಾಪಿತವಾದ ಒಂದು ಶಾಲೆಯಲ್ಲಿ. ಅಲ್ಲಿ ಕಲಿಸುವ ವಿದ್ಯೆಗೆ ಜೋರಿಗ್ ಚುಸುಂ, ಅಂದರೆ ಹದಿಮೂರು ಕುಶಲಕಲೆಗಳು ಎಂದು ಹೆಸರು. ಮರಗೆಲಸ, ಕಲ್ಲುಗೆಲಸ, ಚಿತ್ರಕಲೆ, ಕೆತ್ತನೆ, ಮಣ್ಣಿನ ಮೂರ್ತಿ, ಎರಕ, ಕಮ್ಮಾರಿಕೆ, ಒಡವೆಗೆಲಸ, ಕಾಗದ ತಯಾರಿಕೆ, ಬಿದಿರುಗೆಲಸ, ಕಸೂತಿ, ನೇಯ್ಗೆ, ಮರದ ಬಟ್ಟಲು ತಿರುವುವುದು: ಇವೇ ಆ ಹದಿಮೂರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ನಾಡನ್ನಾಳಿದ ತೆಂಜಿನ್ ರಬ್ಗೆ ಎಂಬ ಸಂತಪ್ರಭುವಿನ ಕಾಲದಲ್ಲಿ ಇವುಗಳ ವಿಂಗಡಣೆಯಾಯಿತೆಂದು ಹೇಳುತ್ತಾರೆ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಮತ್ತೆ ಬರಲಿದೆ.

ಒಂದು ಕೊಠಡಿಯಲ್ಲಿ ಹದಿನಾರು ಹದಿನೇಳರ ಪ್ರಾಯದ ಮಕ್ಕಳು ನೆಲದ ಮೇಲೆ ಸಾಲಾಗಿ ಕುಳಿತು, ಅಳತೆಯ ಗೆರೆಗಳನ್ನೆಳೆದುಕೊಂಡು ಬುದ್ಧನ ಮುಖವನ್ನು ಬರೆಯುತ್ತಿದ್ದರು. ಒಬ್ಬ ಹುಡುಗ ಕಣ್ಣಿನ ರೆಪ್ಪೆಯೊಂದನ್ನು ಬರೆದು ಅಳಿಸಿದ, ಮತ್ತೆ ಬರೆದ, ಮತ್ತೆ ಅಳಿಸಿದ. ನಾವು ನೋಡುತ್ತಿದ್ದಂತೆಯೇ ಐದು ಸಲ. ಚಿತ್ರಕಲೆಯ ಪೂರ್ಣ ಶಿಕ್ಷಣಕ್ಕೆ ಆರು ವರ್ಷ. ‘ಇಷ್ಟು ಜನ ಚಿತ್ರಕಾರರಿಗೆ ಕೆಲಸವೆಲ್ಲಿ?’ ಎಂದು ವರ್ತಕರು ಕೇಳಿದರು. ನಮ್ಮ ಮಾರ್ಗದರ್ಶಿ ತರುಣ ನಕ್ಕು, ‘ನಮ್ಮಲ್ಲಿ ಯಾವಾಗಲೂ ಏನಾದರೊಂದನ್ನು ಮತ್ತೆ ಕಟ್ಟುತ್ತಲೇ ಇರುತ್ತೇವೆ’ ಎಂದ. ಆಗ ಅದು ಹಾಸ್ಯವೆಂದು ತಿಳಿದೆವು.

ಅಲ್ಲಿಂದ ಪುನಾಖಾಕ್ಕೆ ಹೊರಟೆವು. ನಡುವೆ 3,100 ಮೀಟರಿನ ದೋಚುಲಾ ಕಣಿವೆ. ಅಲ್ಲಿ 108 ಸ್ತೂಪಗಳು ಗುಂಪಾಗಿ ನಿಂತಿವೆ. ಭಾರತದ ಬಂಡುಕೋರರು ಭೂತಾನದ ಕಾಡುಗಳಲ್ಲಿ ಹೂಡಿದ್ದ ಬಿಡಾರಗಳನ್ನು 2003ರಲ್ಲಿ ಆ ದೇಶದ ಸೈನ್ಯ ತೆರವುಗೊಳಿಸಿತು. ಆ ಕಾರ್ಯದಲ್ಲಿ ಮಡಿದವರ ನೆನಪಿಗೆ ಇವನ್ನು ಕಟ್ಟಿಸಿದ್ದಾರೆ. ಮಂಜು ಕವಿದಿತ್ತು. ತಾಯಂದಿರಲ್ಲೊಬ್ಬರು ಎಲ್ಲ ಸ್ತೂಪಗಳನ್ನೂ ಬಳಸಿ ಪ್ರದಕ್ಷಿಣೆ ಬಂದರು.

ಪುನಾಖಾದ ಜೋಂಗ್, ಅಂದರೆ ಕೋಟೆ, ಎರಡು ನದಿಗಳ ಕೂಡಲಿನಲ್ಲಿದೆ. ಒಂದರ ಹೆಸರು ಫೋ ಛು, ಗಂಡುನದಿ. ಇನ್ನೊಂದು ಮೋ ಛು, ಹೆಣ್ಣುನದಿ. ಟಿಬೆಟ್ಟಿನಿಂದ ಬಂದು ಈ ನಾಡನ್ನು ಒಂದುಗೂಡಿಸಿದ ಝಬ್‌ದ್ರುಂಗ್ ನವಾಂಗ್ ನಾಮ್‌ಗ್ಯಾಲ್ ಎಂಬ ಧರ್ಮಗುರು 1637-38ರಲ್ಲಿ ಇದನ್ನು ಕಟ್ಟಿಸಿದರು. ಜೋಂಗ್‌ಗಳೆಲ್ಲದರ ಪರಿಯೂ ಒಂದೇ: ಅರ್ಧ ಸರಕಾರಿ ಕಚೇರಿ, ಅರ್ಧ ಮಠ. ಒಂದು ಅಂಗಳದಲ್ಲಿ ಗುಮಾಸ್ತರು ಕಡತ ಹಿಡಿದು ಓಡಾಡಿದರೆ, ಇನ್ನೊಂದರಲ್ಲಿ ಕೆಂಪು ವಸ್ತ್ರದ ವಟುಗಳು ಪಾಠ ಒಪ್ಪಿಸುತ್ತಾರೆ. ಝಬ್‌ದ್ರುಂಗರು 1651ರಲ್ಲಿ ಇಲ್ಲಿಯೇ ದೇಹವಿಟ್ಟರು. ನಾಡು ಒಡೆದೀತೆಂಬ ಭಯದಿಂದ ಆ ಸಂಗತಿಯನ್ನು ಅರ್ಧ ಶತಮಾನದಷ್ಟು ಕಾಲ ಗುಟ್ಟಾಗಿಟ್ಟು, ಗುರುಗಳು ಏಕಾಂತ ಧ್ಯಾನದಲ್ಲಿದ್ದಾರೆಂದು ಸಾರಿದರಂತೆ. ನಮ್ಮಲ್ಲಿ ಗದ್ದುಗೆಯೆನ್ನುವ ಬಗೆಯಲ್ಲಿ ಅವರ ದೇಹವನ್ನು ಒಳಗಿನ ಗುಡಿಯೊಂದರಲ್ಲಿ ಕಾಪಾಡಿದ್ದಾರೆ. ಪ್ರವಾಸಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಕೋಟೆಯ ಚಾಚಿದ ಮಾಡಿನಡಿ ಹೆಜ್ಜೇನಿನ ದೊಡ್ಡ ಗೂಡುಗಳು ತೂಗುತ್ತಿದ್ದವು. ಯಾರೂ ಅವನ್ನು ಕೆಡವುವುದಿಲ್ಲ.

ಈ ಕೋಟೆ ಹಲವು ಬಾರಿ ಬೆಂಕಿಗೆ ತುತ್ತಾಗಿದೆ. 1897ರ ಮಹಾಭೂಕಂಪದಲ್ಲಿ ನಲುಗಿದೆ. 1994ರಲ್ಲಿ ಮೇಲಿನ ಹಿಮಸರೋವರವೊಂದು ಒಡೆದು ಗಂಡುನದಿ ಉಕ್ಕಿದಾಗ ನೀರು ಇದರ ಗೋಡೆಗೇ ಅಪ್ಪಳಿಸಿತು. ಪ್ರತಿ ಸಲವೂ ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಪಾರೋ ಪಟ್ಟಣದ ಕೋಟೆ 1907ರಲ್ಲಿ ಸುಟ್ಟು ಮತ್ತೆ ಎದ್ದಿತು. ಹತ್ತಿರದ ವಾಂಗ್ದಿ ಫೋದ್ರಾಂಗ್ ಕೋಟೆ 2012ರ ಜೂನ್‌ನಲ್ಲಿ ಬೂದಿಯಾಯಿತು. 2022ರಲ್ಲಿ ಅದರ ಪುನಃಪ್ರತಿಷ್ಠೆ ನಡೆಯಿತು. ಮರ, ಮಣ್ಣು, ಬೆಣ್ಣೆಯ ದೀಪ ಈ ಮೂರೂ ಒಂದೆಡೆ ಸೇರಿದರೆ ಬೆಂಕಿಗೆ ಬೇರೆ ಆಹ್ವಾನ ಬೇಕೆ? ಈಗ ಅನೇಕ ಕಡೆ ದೀಪ ಹಚ್ಚಲು ಗುಡಿಯ ಹೊರಗೆ ಪ್ರತ್ಯೇಕ ಚಿಕ್ಕ ಮನೆ ಮಾಡಿದ್ದಾರೆ. ಮಾರ್ಗದರ್ಶಿಯ ಮಾತು ಹಾಸ್ಯವಲ್ಲವೆಂಬುದು ನಮಗೆ ಆಗ ಹೊಳೆಯಿತು.

ಊಟದ ವಿಚಾರವನ್ನು ತಾಯಂದಿರು ಅಗತ್ಯವಾಗಿ ಬರೆಯಬೇಕೆಂದಿದ್ದಾರೆ. ಎಮಾ ದತ್ಸಿ ಎಂಬುದು ಅಲ್ಲಿನ ನಿತ್ಯದ ಮೇಲೋಗರ. ನಮ್ಮಲ್ಲಿ ಮೆಣಸಿನಕಾಯಿ ಪಲ್ಯಕ್ಕೆ ಖಾರ; ಅವರಲ್ಲಿ ಮೆಣಸಿನಕಾಯಿಯೇ ಪಲ್ಯ, ಜೊತೆಗೆ ಗಿಣ್ಣದಂಥ ಚೀಜು. ಕೆಂಪಕ್ಕಿಯ ಅನ್ನದೊಡನೆ ಬ್ಯಾಡಗಿ ಸೀಮೆಯವರೂ ಬೆವರುವಂತಿತ್ತು. ಶಾಕಾಹಾರ ಕೇಳಿದರೆ ದೊರೆಯುತ್ತದೆ, ಆದರೆ ಕೇಳಲೇಬೇಕು. ಜನ ಮಾಂಸ ತಿನ್ನುವವರು. ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣ ಇವಿಲ್ಲದೆ ಅವರಿಗೆ ನಡೆಯದು, ಅದನ್ನು ದೋಮಾ ಎನ್ನುತ್ತಾರೆ. ಅದನ್ನು ಕಂಡ ಮೇಲೆ ನಮ್ಮ ವರ್ತಕರ ಮುನಿಸು ತಕ್ಕಮಟ್ಟಿಗೆ ಇಳಿಯಿತು.

ಇನ್ನೊಂದು ಮಾತನ್ನು ನುಂಗಿಕೊಂಡರೆ ಬರಹ ಪ್ರಾಮಾಣಿಕವಾಗದು. ಗಂಡಸರ ಘೋ, ಹೆಂಗಸರ ಕಿರಾ ಉಡುಗೆಗಳು ಕಣ್ಣಿಗೆ ಚೆಂದ. ಆದರೆ 1989ರ ಸುಮಾರಿಗೆ ಆ ಉಡುಗೆಯನ್ನೂ ನಡವಳಿಕೆಯನ್ನೂ ಕಟ್ಟುನಿಟ್ಟು ಮಾಡಿದ ಬಳಿಕ, ದಕ್ಷಿಣದ ತಪ್ಪಲಿನಲ್ಲಿದ್ದ ನೇಪಾಳಿ ಮೂಲದ ಜನ ಪ್ರತಿಭಟಿಸಿದರು; 1990ರ ದಶಕದಲ್ಲಿ ಅವರಲ್ಲಿ ಸುಮಾರು ಒಂದು ಲಕ್ಷ ಮಂದಿ ದೇಶ ಬಿಡಬೇಕಾಗಿ ಬಂದು ನೇಪಾಳದ ನಿರಾಶ್ರಿತ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. ಸಂತೋಷವನ್ನೇ ಅಳತೆಗೋಲಾಗಿಸಿಕೊಂಡ ದೇಶವೆಂದು ಹೊಗಳುವವರು ಇದನ್ನು ಬಲ್ಲವರಾಗಿರಬೇಕು. ಮಾರ್ಗದರ್ಶಿಯನ್ನು ನಾವು ಈ ಬಗ್ಗೆ ಕೇಳಿದೆವು. ಅವನು ಉತ್ತರಿಸಲಿಲ್ಲ, ನಾವೂ ಒತ್ತಾಯಿಸಲಿಲ್ಲ.

ಕೊನೆಯ ದಿನ ಪಾರೋ ಕಣಿವೆಯ ತಕ್ತ್ಸಾಂಗ್. ಹಾಗೆಂದರೆ ಹುಲಿಯ ಗವಿ. ಎಂಟನೆಯ ಶತಮಾನದಲ್ಲಿ ಗುರು ಪದ್ಮಸಂಭವರು ಹೆಣ್ಣುಹುಲಿಯನ್ನೇರಿ ಹಾರಿಬಂದು ಇಲ್ಲಿ ತಪಸ್ಸು ಮಾಡಿದರೆಂಬುದು ಆ ಜನರ ನಂಬಿಕೆ. 1692ರಲ್ಲಿ ಗವಿಯ ಸುತ್ತ ಗುಡಿಯನ್ನು ಕಟ್ಟಿಸಿದವರು, ಮೇಲೆ ಹೇಳಿದ ಅದೇ ತೆಂಜಿನ್ ರಬ್ಗೆ. ಕಣಿವೆಯ ನೆಲದಿಂದ ಸುಮಾರು 900 ಮೀಟರು ಮೇಲೆ, ಕಡಿದಾದ ಬಂಡೆಗೆ ಕಣಜದ ಗೂಡು ಅಂಟಿದಂತೆ ಗುಡಿ ಅಂಟಿಕೊಂಡಿದೆ.

ಬೆಳಗ್ಗೆ ಬೇಗನೆ ಪೂಜೆ ಮುಗಿಸಿಕೊಂಡು, ಬುಡದಲ್ಲಿ ಬಾಡಿಗೆಗೆ ಸಿಗುವ ಊರುಗೋಲು ಹಿಡಿದು ಹೊರಟೆವು. ಅರ್ಧ ದಾರಿಯ ಚಹಾ ಅಂಗಡಿಯವರೆಗೆ ಕುದುರೆಯೂ ಉಂಟು. ಆ ದುರ್ಬಲ ಪ್ರಾಣಿಯ ಬೆನ್ನೇರಲು ನಮಗೆ ಮನಸ್ಸಾಗಲಿಲ್ಲ. ಪೈನ್ ಮರಗಳ ನಡುವೆ ಮಂತ್ರಬರಹದ ಬಾವುಟಗಳು ಪಟಪಟಿಸುತ್ತಿದ್ದವು. ಮೂರೂವರೆ ಗಂಟೆ ಏರಿ, ಗುಡಿಯು ಕಮರಿಯ ಆಚೆಗೆ ನೇರ ಕಣ್ಣೆದುರಿಗೆ ಬರುವ ತಾಣಕ್ಕೆ ಮುಟ್ಟಿದೆವು. ಅಲ್ಲಿಂದ ನೂರಾರು ಮೆಟ್ಟಿಲಿಳಿದು, ಜಲಪಾತದ ಮುಂದಿನ ಸೇತುವೆ ದಾಟಿ, ಮತ್ತೆ ಏರಬೇಕು. ನಮ್ಮ ಮಂಡಿಗಳು ಅಲ್ಲಿಯೇ ಮುಷ್ಕರ ಹೂಡಿದವು. ‘ಗುರುಗಳೇ, ನೀವು ಇಲ್ಲಿಯೇ ಕೂತಿರಿ, ನಿಮ್ಮ ಪರವಾಗಿ ನಾವು ಕೈಮುಗಿದು ಬರುತ್ತೇವೆ’ ಎಂದು ಹಿರಿಯ ತಾಯಿಯವರು ಹೇಳಿ, ಸೆರಗು ಸಿಕ್ಕಿಸಿ ಇಳಿದೇಬಿಟ್ಟರು. ಅವರಿಗೆ ಅರವತ್ತೊಂದು ವರ್ಷ.

ಒಬ್ಬರೇ ಕುಳಿತಿರುವಾಗ ಆಚೆಯಿಂದ ಏರಿ ಬಂದ ನಡುವಯಸ್ಸಿನ ಭಿಕ್ಷುವೊಬ್ಬರು ಪಕ್ಕದಲ್ಲಿ ಕುಳಿತರು. ನಮ್ಮ ಹಣೆಯ ವಿಭೂತಿಯನ್ನು ನೋಡಿ, ‘ಕರ್ನಾಟಕಾನಾ ಸ್ವಾಮಿ?’ ಎಂದರು. ಬೆರಗಾದೆವು. ಅವರು ಬೈಲುಕುಪ್ಪೆಯ ನಾಮ್‌ದ್ರೋಲಿಂಗ್ ಮಠದಲ್ಲಿ ಒಂಬತ್ತು ವರ್ಷ ಓದಿದವರು, ಕುಶಾಲನಗರದ ಅಂಗಡಿಗಳಲ್ಲಿ ಕನ್ನಡ ಕಲಿತವರು. ಭೂತಾನದಿಂದ ಅಲ್ಲಿಗೆ ಓದಲು ಬರುವವರು ಅನೇಕರಿದ್ದಾರೆಂಬುದು ನಮಗೆ ತಿಳಿದಿತ್ತು. ಈ ಎತ್ತರದಲ್ಲಿ ಕನ್ನಡ ಕೇಳಿಬಂದೀತೆಂದು ಎಣಿಸಿರಲಿಲ್ಲ.

1998ರ ಏಪ್ರಿಲ್ 19ರಂದು ಈ ಗುಡಿಯ ಮುಖ್ಯಭಾಗ ಸುಟ್ಟುಹೋಯಿತು. ಹಾದಿ ಇಷ್ಟು ಕಡಿದಾದದ್ದರಿಂದ ನಂದಿಸಲು ಯಾರೂ ಹೊತ್ತಿಗೆ ತಲಪಲಾಗಲಿಲ್ಲ. ಈಗ ಕಾಣುವುದು 2005ರಲ್ಲಿ ಪುನಃಪ್ರತಿಷ್ಠೆಯಾದದ್ದು. ಶಾಸನ, ತಾಳೆಗರಿಗಳ ನಡುವೆ ಆಯುಷ್ಯ ಕಳೆದವರಿಗೆ ಕಾಲನಿರ್ಣಯದ ಚಟ ಬಿಡದು. ‘ಇದರಲ್ಲಿ ಹಳೆಯದು ಯಾವುದು, ಹೊಸದು ಯಾವುದು?’ ಎಂದು ಕೇಳಿದೆವು.

‘ಮರ ಹೊಸದು, ಬಣ್ಣ ಹೊಸದು. ಗುಡಿ ಹಳೇದೇ ಸ್ವಾಮಿ’ ಎಂದರು ಭಿಕ್ಷು. ನಮಗೆ ಅರ್ಥವಾಗಲಿಲ್ಲವೆಂದು ಭಾವಿಸಿದರೋ ಏನೋ, ಮತ್ತೆ ಕೇಳಿದರು: ‘ನಿಮ್ಮ ಕಡೆ ಕೆಟ್ಟುಹೋದ್ರೆ ಹಾಗೇ ಕಟ್ಟಲ್ವಾ?’

ಉತ್ತರ ಕೊಡಲಾಗಲಿಲ್ಲ. ನಮ್ಮೂರಿನ ಮಠಕ್ಕೆ ಹನ್ನೆರಡು ಸಾಗುವಾನಿ ಕಂಬಗಳ ಪಡಸಾಲೆಯೊಂದಿತ್ತು. ನಾವು ಅಕ್ಷರ ಕಲಿತದ್ದು ಅದರ ಮೂರನೆಯ ಕಂಬದ ಬುಡದಲ್ಲಿ. 2009ರ ಮಳೆಗಾಲದಲ್ಲಿ ಮಾಡು ಸೋರಿತು. ಕೆಡವಿ ಆರ್.ಸಿ.ಸಿ. ಕಟ್ಟಡ ಕಟ್ಟಿಸುವುದೆಂದು ಸಭೆ ಸೇರಿ ಠರಾವು ಮಾಡಿದರು. ವೃದ್ಧ ಬಡಿಗನೊಬ್ಬ ಬಂದು, ‘ನಾಲ್ಕು ತೊಲೆ ಬದಲಿಸಿದರೆ ಇನ್ನೂ ನೂರು ವರ್ಷ ನಿಲ್ಲುತ್ತದೆ, ನಾನು ಮಾಡಿಕೊಡುತ್ತೇನೆ’ ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಠರಾವಿನ ಕೆಳಗಿನ ಮೂರನೆಯ ರುಜು ನಮ್ಮದು. ಆ ಬಡಿಗ ಈಗಿಲ್ಲ. ಅವನ ಮಕ್ಕಳು ಪಟ್ಟಣದಲ್ಲಿ ಬೇರೆ ಉದ್ಯೋಗದಲ್ಲಿದ್ದಾರೆ.

ಇದನ್ನೆಲ್ಲ ಭಿಕ್ಷುವಿಗೆ ಹೇಳಿದೆವೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಅವರು ಚೀಲದಿಂದ ಎಲೆ ಅಡಿಕೆ ತೆಗೆದು ನಮಗೂ ಕೊಟ್ಟರು. ಅಡಿಕೆ ಹಸಿಯದು, ಎದೆ ಹಿಡಿದಂತಾಗಿ ಕೆಮ್ಮು ಬಂತು; ಅವರು ಬೆನ್ನು ತಟ್ಟಿ ನಕ್ಕರು. ಸ್ವಲ್ಪ ಹೊತ್ತಿಗೆ ತಾಯಂದಿರು ಮೆಟ್ಟಿಲೇರಿ ಬಂದರು. ಒಳಗೆ ಫೋನು, ಕ್ಯಾಮೆರಾ ಯಾವುದನ್ನೂ ಬಿಡುವುದಿಲ್ಲವಾದ್ದರಿಂದ ಅವರು ಕಂಡದ್ದನ್ನು ಬಾಯಲ್ಲಿಯೇ ವರ್ಣಿಸಬೇಕಾಯಿತು. ನಾಲ್ವರದೂ ನಾಲ್ಕು ಬಗೆ. ಇಳಿಯುವ ಹಾದಿಯುದ್ದಕ್ಕೂ ಕೇಳುತ್ತ ಬಂದೆವು.

ಊರಿಗೆ ಮರಳಿದ ಮೂರನೆಯ ದಿನ ಮಠದ ಹಿತ್ತಲಿಗೆ ಹೋದೆವು. ಹಳೆಯ ಮರದ ವ್ಯಾಪಾರಿ ಕೊಂಡೊಯ್ದು ಮಿಕ್ಕ ಕಂಬಗಳು ಆರು, ಸೌದೆಯ ರಾಶಿಯಡಿ ಬಿದ್ದಿದ್ದವು. ಎರಡಕ್ಕೆ ಗೆದ್ದಲು ಹತ್ತಿತ್ತು. ಉಳಿದ ನಾಲ್ಕನ್ನು ತೊಳೆಯಿಸಿ, ಬೇವಿನೆಣ್ಣೆ ಸವರಿಸಿ, ದಾಸೋಹದ ಮನೆಯ ಒಳಜಗಲಿಯಲ್ಲಿ ಇಡಿಸಿದ್ದೇವೆ. ಬಡಿಗನ ಹಿರಿಯ ಮಗನಿಗೆ ಒಂದು ಕಾಗದ ಬರೆದಿದ್ದೇವೆ.