ಹಳೆಯ ಸಿಲಿಂಡರ್ ಹೆಡ್ಡು: ದುರಸ್ತಿಯೋ, ಹೊಸ ಖರೀದಿಯೋ?

ಹುಬ್ಬಳ್ಳಿ-ಧಾರವಾಡಕ್ಕೂ ಎಂಜಿನ್ನುಗಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಬ್ಬಳ್ಳಿಯಲ್ಲಿ ತನ್ನ ಕಾರ್ಖಾನೆಯನ್ನು ಸ್ಥಾಪಿಸಿತು. ಇಂದು ಇಲ್ಲಿ ರೈಲ್ವೆಯ ಡೀಸೆಲ್ ಶೆಡ್ಡು ಇದೆ. 1997ರಲ್ಲಿ ರೂಪುಗೊಂಡ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇದೆ. ಲಾರಿ, ಟ್ರ್ಯಾಕ್ಟರುಗಳನ್ನು ದುರಸ್ತಿ ಮಾಡುವ ಗ್ಯಾರೇಜುಗಳಂತೂ ಅನೇಕ. ಇಲ್ಲೆಲ್ಲ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದುಂಟು: ಕೆಟ್ಟ ಸಿಲಿಂಡರ್ ಹೆಡ್ಡನ್ನು ಸರಿಪಡಿಸಬೇಕೋ, ಹೊಸದನ್ನೇ ಕೊಳ್ಳಬೇಕೋ? ನಿರ್ಣಯ ತಪ್ಪಿದರೆ ಬಸ್ಸು ನಡುದಾರಿಯಲ್ಲಿ ನಿಲ್ಲುತ್ತದೆ. ಬಿತ್ತನೆಯ ಹದದಲ್ಲಿ ಟ್ರ್ಯಾಕ್ಟರು ಗ್ಯಾರೇಜಿನಲ್ಲಿ ಉಳಿಯುತ್ತದೆ. ಮಾಲೀಕನು ಒಂದೇ ಕೆಲಸಕ್ಕೆ ಎರಡು ಸಲ ಹಣ ತೆರುತ್ತಾನೆ. ಆದುದರಿಂದ ಈ ಪ್ರಶ್ನೆಯನ್ನು ಕ್ರಮವಾಗಿ ವಿವೇಚಿಸುವುದು ಉಚಿತ.

ಹೆಡ್ಡು ಸಿಲಿಂಡರಿನ ಮೇಲ್ಮುಚ್ಚಳ. ವಾಲ್ವುಗಳು, ಇಂಧನ ಸಿಂಪಡಿಸುವ ಇಂಜೆಕ್ಟರು, ತಂಪುನೀರಿನ ಮಾರ್ಗಗಳು ಇವೆಲ್ಲಕ್ಕೂ ಅದೇ ಆಶ್ರಯ. ಅದರ ಒಂದು ಮಗ್ಗುಲಲ್ಲಿ ದಹನದ ಜ್ವಾಲೆ, ಕೆಲವೇ ಮಿಲಿಮೀಟರುಗಳ ಆಚೆ ನೂರು ಡಿಗ್ರಿಗೂ ಕಡಿಮೆ ಉಷ್ಣತೆಯ ನೀರು. ಎರಡು ವಾಲ್ವು ಸೀಟುಗಳ ನಡುವಿನ ಕಿರಿದಾದ ಲೋಹಭಾಗವು ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ. ಕಾದಾಗ ಅದು ಹಿಗ್ಗಲು ಹವಣಿಸುತ್ತದೆ. ಸುತ್ತಲಿನ ತಂಪಾದ ಲೋಹವು ಹಿಗ್ಗಗೊಡುವುದಿಲ್ಲ. ಹೀಗೆ ಒತ್ತಲ್ಪಟ್ಟ ಭಾಗವು ತಣಿಯುವಾಗ ಕುಗ್ಗಿ, ಎಳೆತಕ್ಕೆ ಗುರಿಯಾಗುತ್ತದೆ. ಎರಕದ ಕಬ್ಬಿಣವು ಒತ್ತನ್ನು ಚೆನ್ನಾಗಿ ತಾಳುತ್ತದೆಯಾದರೂ ಎಳೆತವನ್ನು ಅಷ್ಟಾಗಿ ತಾಳಲಾರದು. ಸಾವಿರಾರು ಸಲ ಕಾದು ತಣಿದ ಬಳಿಕ ಅಲ್ಲಿ ಕೂದಲೆಳೆಯಂತಹ ಬಿರುಕು ಮೂಡುತ್ತದೆ. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಈ ಕೇಡು ಕ್ಷಣದಲ್ಲಿಯೇ ಸಂಭವಿಸಬಹುದು.

ಕೊಳವೆಬಾವಿಯ ಗಡಸು ನೀರೂ ಈ ಕೇಡಿಗೆ ನೆರವಾಗುತ್ತದೆ. ಅದು ನೀರಿನ ಮಾರ್ಗಗಳಲ್ಲಿ ಸುಣ್ಣದ ಪದರವನ್ನು ಕಟ್ಟುತ್ತದೆ. ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಈ ಪದರದ ಉಷ್ಣವಾಹಕತೆ ಅತ್ಯಲ್ಪ. 1 ಮಿಲಿಮೀಟರು ದಪ್ಪದ ಪದರವು ಉಷ್ಣವನ್ನು ತಡೆಯುವುದರಲ್ಲಿ 20 ಮಿಲಿಮೀಟರಿಗೂ ಹೆಚ್ಚು ದಪ್ಪದ ಕಬ್ಬಿಣಕ್ಕೆ ಸಮ. ಕಾರಣವನ್ನು ಹಾಗೆಯೇ ಉಳಿಸಿ ಹೆಡ್ಡನ್ನು ಮಾತ್ರ ಬದಲಿಸಿದರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಇನ್ನು ಪರೀಕ್ಷೆಯ ವಿಷಯ. ಅಲ್ಪವೆಚ್ಚದ ಪರೀಕ್ಷೆ ಮೊದಲು, ಹೆಚ್ಚು ವೆಚ್ಚದ ಕೆಲಸ ಕೊನೆಗೆ. ಇದೇ ಇಲ್ಲಿಯ ನಿಯಮ. ಮೊದಲು ಹೆಡ್ಡನ್ನು ತೊಳೆದು ಮಸಿಯನ್ನೂ ಸುಣ್ಣವನ್ನೂ ತೆಗೆಯಬೇಕು. ಅನಂತರ ನೇರಪಟ್ಟಿ ಮತ್ತು ಫೀಲರ್ ಗೇಜುಗಳಿಂದ ಕೆಳಮೈಯ ಸೊಟ್ಟನ್ನು ಅಳೆದು, ಹೆಡ್ಡಿನ ಎತ್ತರವನ್ನು ತಯಾರಕರ ಪುಸ್ತಕದಲ್ಲಿ ಹೇಳಿದ ಕನಿಷ್ಠ ಅಳತೆಯೊಡನೆ ಹೋಲಿಸಬೇಕು. ಕಬ್ಬಿಣದ ಹೆಡ್ಡಾದರೆ ಕಾಂತೀಯ ಪುಡಿಯಿಂದಲೂ, ಅಲ್ಯೂಮಿನಿಯಮಿನದಾದರೆ ಬಿರುಕಿನೊಳಗೆ ಇಳಿಯುವ ಬಣ್ಣದಿಂದಲೂ ಬಿರುಕನ್ನು ಹುಡುಕಬೇಕು. ಕೊನೆಗೆ ನೀರಿನ ದಾರಿಗಳನ್ನು ಮುಚ್ಚಿ, ಒತ್ತಿದ ಗಾಳಿಯನ್ನು ತುಂಬಿ, ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆಗಳನ್ನು ನೋಡಬೇಕು. ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಕಾದಾಗ ಬಾಯಿಬಿಡುವುದರಿಂದಲೇ ಬಿಸಿನೀರಿನ ಅವಶ್ಯಕತೆ. ಇವೆಲ್ಲವೂ ಮುಗಿಯುವ ಮೊದಲೇ ಹೊಸ ಗೈಡುಗಳನ್ನು ಕೂರಿಸುವುದಾಗಲಿ, ಸೀಟುಗಳನ್ನು ಕೊರೆಯುವುದಾಗಲಿ ಸಲ್ಲದು.

ಪರೀಕ್ಷೆಯಲ್ಲಿ ಗೈಡು, ಸೀಟು, ವಾಲ್ವುಗಳ ಸವೆತವಷ್ಟೇ ಕಂಡುಬಂದರೆ ದುರಸ್ತಿ ಸುಲಭ. ಅವು ಬದಲಿಸಲೆಂದೇ ಮಾಡಿದ ಭಾಗಗಳು. ಕೆಳಮೈಯನ್ನು ಉಜ್ಜಿ ಸಮ ಮಾಡುವುದಕ್ಕಾದರೋ ಮಿತಿಯಿದೆ. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಅಂತರ ಅತ್ಯಲ್ಪ. ಉಜ್ಜಿದಷ್ಟೂ ವಾಲ್ವುಗಳೂ ಇಂಜೆಕ್ಟರಿನ ಮೂತಿಯೂ ಪಿಸ್ಟನ್ನಿಗೆ ಹತ್ತಿರವಾಗುತ್ತವೆ. ಬಿರುಕಿನ ಬೆಸುಗೆ ಇನ್ನೂ ಕಷ್ಟದ್ದು. ಎರಕದ ಕಬ್ಬಿಣವನ್ನು ಮೊದಲೇ ಚೆನ್ನಾಗಿ ಕಾಯಿಸಿ, ಬೆಸೆದ ಮೇಲೆ ಬಹು ನಿಧಾನವಾಗಿ ತಣಿಸದಿದ್ದರೆ ಬೆಸುಗೆಯ ಪಕ್ಕದ ಲೋಹವು ಗಡುಸಾಗಿ ಮತ್ತೆ ಒಡೆಯುತ್ತದೆ. ಅತಿಯಾಗಿ ಕಾದ ಅಲ್ಯೂಮಿನಿಯಮ್ ಹೆಡ್ಡು ತನ್ನ ಗಡಸುತನವನ್ನೇ ಕಳೆದುಕೊಂಡಿರಬಹುದು. ಅದನ್ನು ಸಮ ಮಾಡಿದ ಮಾತ್ರಕ್ಕೆ ಬಲ ಮರಳುವುದಿಲ್ಲ.

ಪರೀಕ್ಷೆಯಲ್ಲಿ ತೇರ್ಗಡೆಯಾದ ಹೆಡ್ಡಿಗೆ ಮಾತ್ರ ಲೆಕ್ಕದ ಪ್ರಶ್ನೆ ಉಳಿಯುತ್ತದೆ. ನಿದರ್ಶನಕ್ಕಾಗಿ ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಹೊಸ ಹೆಡ್ಡಿನ ಬೆಲೆ 100, ಬಾಳಿಕೆ 5 ವರ್ಷ. ದುರಸ್ತಿಯ ವೆಚ್ಚ 45, ಬಾಳಿಕೆ 3 ವರ್ಷ. ಬಿಚ್ಚಿ ಜೋಡಿಸುವ ಕೂಲಿ ಎರಡಕ್ಕೂ 20 ಎಂದಿರಲಿ. ಹೊಸದಕ್ಕೆ ವರ್ಷಕ್ಕೆ ಬೀಳುವ ವೆಚ್ಚ 24. ದುರಸ್ತಿಯದಕ್ಕೆ ಸುಮಾರು 21.7. ದುರಸ್ತಿಯೇ ಅಗ್ಗವೆಂದು ತೋರುತ್ತದೆ. ಆದರೆ ಹೆಡ್ಡು ಯಂತ್ರಶಾಲೆಯಲ್ಲಿರುವಷ್ಟು ದಿನ ವಾಹನ ನಿಂತು 10ರಷ್ಟು ಗಳಿಕೆ ತಪ್ಪಿದರೆ ಈ ವೆಚ್ಚ 25ಕ್ಕೆ ಏರಿ, ಫಲಿತಾಂಶವೇ ತಿರುಗುಮುರುಗಾಗುತ್ತದೆ. ಒಂದೇ ಲಾರಿಯುಳ್ಳ ಮಾಲೀಕನಿಗೆ ಈ ನಷ್ಟ ಅನಿವಾರ್ಯ. ದುರಸ್ತಿಯಾದ ಹೆಡ್ಡುಗಳನ್ನು ದಾಸ್ತಾನಿನಲ್ಲಿ ಇಟ್ಟುಕೊಳ್ಳಬಲ್ಲ ದೊಡ್ಡ ಡಿಪೋಗೆ ಅದು ಇಲ್ಲವೇ ಇಲ್ಲ. ಕೆಟ್ಟದ್ದನ್ನು ಇಳಿಸಿ ಸಿದ್ಧವಾದುದನ್ನು ಏರಿಸಿದರಾಯಿತು. ಒಂದೇ ಹೆಡ್ಡಿನ ವಿಷಯದಲ್ಲಿ ಇಬ್ಬರ ನಿರ್ಣಯ ಬೇರೆಯಾದರೂ ಎರಡೂ ಸರಿಯಾಗಿರಬಹುದು.

ಇದೇ ತತ್ತ್ವವು ರೈಲ್ವೆ ಎಂಜಿನ್ನಿನ ರಚನೆಯಲ್ಲಿಯೇ ಅಡಕವಾಗಿದೆ. ಹುಬ್ಬಳ್ಳಿ ಶೆಡ್ಡಿಗೆ ಪರಿಚಿತವಾದ ಡಬ್ಲ್ಯುಡಿಜಿ-4 ಲೋಕೋಮೋಟಿವಿನ ಎಂಜಿನ್ನಿಗೆ 16 ಸಿಲಿಂಡರುಗಳು; ಪ್ರತಿಯೊಂದಕ್ಕೂ ಪ್ರತ್ಯೇಕ ಹೆಡ್ಡು. ಹೆಡ್ಡು, ಲೈನರು, ಪಿಸ್ಟನ್ನುಗಳನ್ನು ಒಟ್ಟು ಜೋಡಣೆಯಾಗಿಯೇ ಎತ್ತಿ, ಸಿದ್ಧವಾದ ಇನ್ನೊಂದನ್ನು ಅಲ್ಲಿ ಇಳಿಸಬಹುದು. ಕೆಟ್ಟುದರ ದುರಸ್ತಿ ಆಮೇಲೆ, ಬಿಡುವಿನಲ್ಲಿ. ಒಂದೇ ಹೆಡ್ಡು ಹಲವು ಸಿಲಿಂಡರುಗಳನ್ನು ಮುಚ್ಚುವ ವಾಹನಗಳಲ್ಲಿ ಈ ಅನುಕೂಲವಿಲ್ಲ. ಒಂದೆಡೆಯ ಬಿರುಕಿಗಾಗಿ ಇಡೀ ಹೆಡ್ಡೇ ಇಳಿಯಬೇಕು.

ಎಂಜಿನ್ನಿನ ಉಳಿದ ಆಯುಷ್ಯವನ್ನೂ ಗಣನೆಗೆ ತರಬೇಕು. ಮೇಲಿನ ನಿದರ್ಶನದಲ್ಲಿ ವಾಹನವೇ 3 ವರ್ಷಗಳಲ್ಲಿ ಗುಜರಿಗೆ ಹೋಗುವುದಾದರೆ ಹೊಸ ಹೆಡ್ಡಿನ ವಾರ್ಷಿಕ ವೆಚ್ಚ 24ರಿಂದ 40ಕ್ಕೆ ಏರುತ್ತದೆ. ರೈಲು ಮಾರ್ಗಗಳ ವಿದ್ಯುದೀಕರಣದಿಂದ ಡೀಸೆಲ್ ಎಂಜಿನ್ನುಗಳ ಕೆಲಸ ತಗ್ಗಿರುವ ಈ ಕಾಲದಲ್ಲಿ ಈ ಮಾತು ಶೆಡ್ಡುಗಳಿಗೂ ಅನ್ವಯಿಸುತ್ತದೆ.

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು: ಮೊದಲು ಲೋಹದ ಸ್ಥಿತಿ, ಅನಂತರ ವಾಹನ ನಿಲ್ಲುವ ದಿನಗಳು, ಆಮೇಲೆ ಎಂಜಿನ್ನಿನ ಉಳಿದ ಆಯುಷ್ಯ, ಈ ಮೂರನ್ನೂ ತಿಳಿದ ಬಳಿಕವೇ ಬೆಲೆಗಳನ್ನು ಹೋಲಿಸಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸಮೀಪದ ಯಂತ್ರಶಾಲೆಗೆ ಹೋಗಿ, ತಿರಸ್ಕೃತವಾದ ಹೆಡ್ಡೊಂದನ್ನು ತಾವೇ ಅಳೆದು, ಅದು ಯಾವ ಹಂತದಲ್ಲಿ ತಿರಸ್ಕೃತವಾಗಬೇಕಿತ್ತೆಂದು ಬರೆದಿಡುವುದು ಉತ್ತಮ ಅಭ್ಯಾಸ. ಅಲ್ಲಿಯ ಅನುಭವಿ ಮಿಸ್ತ್ರಿಯು ಬೆರಳಿನಿಂದ ಸವರಿ ಹೇಳುವ ತೀರ್ಪಿಗೂ ತಮ್ಮ ಅಳತೆಗೂ ಎಷ್ಟು ಹೊಂದಿಕೆಯಿದೆ ಎಂಬುದೂ ಆಗ ಅವರಿಗೆ ತಿಳಿದುಬರುತ್ತದೆ.